ಹಾಲಬ್ಬಿಯ ದೇವಿ ಅಲ್ಲಾಡಿದ್ದು

ಬೆಳಕಿನ ಹುಚ್ಚು ಹತ್ತುವವರೆಗೆ ಹೊನ್ನಾವರದ ಬಂದರು ರಸ್ತೆಯ ಮಾಬ್ಲನ ಫೋಟೋ ಅಂಗಡಿ ತಕ್ಕಮಟ್ಟಿಗೆ ನಡೆಯುತ್ತಿತ್ತು. ಅಂಗಡಿಯೊಳಗೆ ಒಂದು ಪರದೆ, ಪರದೆಯ ಮೇಲೆ ಸರೋವರ, ಸರೋವರದಲ್ಲಿ ಒಂದು ಹಂಸ. ಅದನ್ನು ಬರೆದವನು ಕುಮಟೆ ಕಡೆ ದೋಣಿಗಳಿಗೆ ಬಣ್ಣ ಹೊಡೆಯುವವನಾದ್ದರಿಂದ ಹಂಸಕ್ಕೆ ತುಸು ದೋಣಿಯ ಲಕ್ಷಣ ಬಂದಿತ್ತು. ಅದರ ಮುಂದೆ ಗಿರಾಕಿಯನ್ನು ಕೂರಿಸಿ, ಮೂರು ಕಾಲಿನ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿ, "ಅಲ್ಲಾಡಬ್ಯಾಡಿ!" ಎಂದು ಮಾಬ್ಲ ಗುಡುಗಿದನೆಂದರೆ ಕುಳಿತವನಷ್ಟೇ ಅಲ್ಲ, ಹೊರಗೆ ರಸ್ತೆಯಲ್ಲಿ ಮೀನಬುಟ್ಟಿ ಹೊತ್ತು ಹೋಗುವವರೂ ಒಂದು ಗಳಿಗೆ ನಿಂತುಬಿಡುತ್ತಿದ್ದರು. ಅವನು ತೆಗೆದ ಪಟಗಳಲ್ಲಿ ತಾಲೂಕಿನವರೆಲ್ಲ ಒಂದೇ ರೀತಿ ಕಣ್ಣು ಬಿಟ್ಟುಕೊಂಡಿರುತ್ತಿದ್ದರು. ಯಾರೂ ದೂರುತ್ತಿರಲಿಲ್ಲ. ಪಟವೆಂದರೆ ಹಾಗೇ ಇರುವುದು ಎಂದು ಜನ ನಂಬಿದ್ದರು.

ಹೀಗಿರುವಾಗ ಜೋಗ ನೋಡಲು ಹೊರಟ ಮುಂಬಯಿಯ ಗೃಹಸ್ಥನೊಬ್ಬ, ಗೇರುಸೊಪ್ಪೆಯ ಲಾಂಚು ತಡವೆಂದು ಅಂಗಡಿಯ ಬಾಗಿಲಲ್ಲಿ ನಿಂತ. ಗೋಡೆಯ ಮೇಲಿನ ಮುಖಗಳನ್ನೆಲ್ಲ ನೋಡಿದ. ಆಮೇಲೆ ಕಣ್ಣು ಮುಚ್ಚಿ, "ಬೆಳಕಿಗಾಗಿ ಕಾಯಬೇಕು ಮಾರಾಯರೇ. ಬೆಳಕನ್ನ ಕಣ್ಣು ಮುಚ್ಚಿ ಕೇಳಬೇಕು," ಎಂದು ಹೇಳಿ, ಎಳನೀರು ಕುಡಿದು ಹೊರಟುಹೋದ. ಅವನಿಗೆ ಈ ಮಾತು ಲಾಂಚು ಹತ್ತುವಷ್ಟರಲ್ಲಿ ಮರೆತುಹೋಗಿರಬೇಕು. ಮಾಬ್ಲನಿಗೆ ಮಾತ್ರ ಅದು ಗುರೂಪದೇಶವಾಯಿತು.

ಅಂದಿನಿಂದ ಅವನು ಕಾಯತೊಡಗಿದ. ಗಿರಾಕಿ ಬಂದರೆ ಎದ್ದು ಬಾಗಿಲಿಗೆ ಬಂದು ಆಕಾಶ ನೋಡುತ್ತಿದ್ದ. ಕಣ್ಣು ಮುಚ್ಚುತ್ತಿದ್ದ. "ಇವತ್ತಿನ ಬೆಳಕು ಸಮಾ ಇಲ್ಲ. ಚಳಿಗಾಲದ ಬಿಸಿಲು ನೋಡಿ, ಓರೆ. ಸಂಕ್ರಾಂತಿ ಮುಗಿಸ್ಕಂಡು ಬನ್ನಿ," ಎನ್ನುತ್ತಿದ್ದ. ಕಾಯ್ಕಿಣಿಯಿಂದ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದ ಮುದುಕಿಯೊಬ್ಬಳು, "ಸಂಕ್ರಾಂತಿವರೆಗೆ ನಾ ಇರೂದೇ ಖಾತ್ರಿ ಇಲ್ಲ ಮಗಾ, ಓರೆಯಾಗೇ ತೆಗ್ದುಬಿಡು," ಎಂದು ಬೇಡಿಕೊಂಡಳು. ಮಾಬ್ಲ ಕದಲಲಿಲ್ಲ. ಪಕ್ಕದ ಕಿರಾಣಿ ಅಂಗಡಿಯಲ್ಲಿ ಕುಳಿತಿದ್ದ ಅವನ ಅಣ್ಣ ಲಿಂಗಪ್ಪ ಇದನ್ನೆಲ್ಲ ನೋಡಿ, "ಬೆಲ್ಲಕ್ಕೆ ನಾನೂ ಒಳ್ಳೇ ಬೆಳಕು ಕಾಯ್ತೇ ಕೂತ್ರೆ ಇರುವೆ ಮುಗಿಸ್ತದೆ," ಎಂದು ಗೊಣಗಿದ.

ಇದರಿಂದ ನಿಜವಾಗಿ ಕಷ್ಟಕ್ಕೆ ಸಿಕ್ಕವಳು ಗಂಗಾ. ಗಂಗಾ ಮಾಬ್ಲನ ಹೆಂಡತಿ, ಸಂತೆಗುಳಿಯ ಗದ್ದೆಮನೆಯ ಮಗಳು. ಅವರ ಮದುವೆಯ ಪಟವಿಲ್ಲ. ಸುತ್ತಲಿನ ಊರುಗಳ ಮದುವೆಯ ಪಟ ತೆಗೆಯುವವನು ಅವತ್ತು ಬಾಸಿಂಗ ಕಟ್ಟಿಕೊಂಡು ಹಸೆಮಣೆಯ ಮೇಲೆ ಕುಳಿತಿದ್ದನಲ್ಲ! ನಡುವೆ ಒಮ್ಮೆ ಎದ್ದು ಕ್ಯಾಮೆರಾ ಕಡೆಗೆ ಹೊರಟವನನ್ನು ಸೋದರಮಾವ ಶಲ್ಯ ಹಿಡಿದು ಎಳೆದು ಕೂರಿಸಿದ್ದ. "ನಿನ್ನ ಪಟ ನಾಳೆ ತೆಗಿತೆ," ಎಂದು ತಾಳಿ ಕಟ್ಟುವಾಗಲೇ ಮಾಬ್ಲ ಅವಳ ಕಿವಿಯಲ್ಲಿ ಹೇಳಿದ. ಆ ನಾಳೆ ಇನ್ನೂ ಬಂದಿರಲಿಲ್ಲ.

ಈಗ ತವರಲ್ಲಿ ತಾಯಿ ಸಣ್ಣಮ್ಮನಿಗೆ ಕಣ್ಣು ಮಸುಕಾಗತೊಡಗಿತ್ತು. ಕಳೆದ ಸಲ ಹೋದಾಗ ಅವಳು ಮಗಳ ಗಲ್ಲ ಹಿಡಿದು, "ಪೂರಾ ಕತ್ತಲೆ ಆಗೂದ್ರೊಳಗೆ ನಿಂದೊಂದು ಪಟ ಕಳ್ಸು ಮಗಾ. ದಿನಾ ನೋಡಿ ಬಾಯಿಪಾಠ ಮಾಡ್ಕಂತೆ," ಎಂದಿದ್ದಳು. ಗಂಗಾ ಬಂದು ಗಂಡನಿಗೆ ಹೇಳಿದಳು. ಅವನ ಕಣ್ಣಲ್ಲಿ ನೀರೇ ಬಂತು. ನೀರು ಒರೆಸಿಕೊಂಡು ಬಾಗಿಲಿಗೆ ಹೋಗಿ ಆಕಾಶ ನೋಡಿದ. "ಇವತ್ತು ಬ್ಯಾಡ, ಗಂಗಾ," ಎಂದ.

ಅಷ್ಟರಲ್ಲಿ ಒಂದು ದಿನ ರೇಂಜರ್ ಸಾಹೇಬರು ಬಂದರು. ಗೇರುಸೊಪ್ಪೆಯ ಆಚೆ ಕಾಡಿನಂಚಿಗೆ ಹೊಸ ಬಂಗಲೆಯಾಗಿದೆ, ಅದನ್ನು ಉದ್ಘಾಟಿಸಲು ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆ, ಒಳಗೆ ಗೋಡೆ ಮಾತ್ರ ಬೋಳು. ಅಲ್ಲಿಗೆ ಹಾಲಬ್ಬಿಯದೊಂದು ದೊಡ್ಡ ಪಟ ಬೇಕು. ಹಾಲಬ್ಬಿ ಎಂದರೆ ಬಂಗಲೆಯಿಂದ ಕಾಡೊಳಗೆ ನಡೆದರೆ ಸಿಗುವ ಜಲಪಾತ. ಆ ಕಡೆ ಜಲಪಾತಕ್ಕೆ ಅಬ್ಬಿ ಎನ್ನುತ್ತಾರೆ.

"ಅಬ್ಬಿ ಪಟ ಅಂದ್ರೆ ಹುಡುಗಾಟಿಕೆ ಅಲ್ಲ ಸಾಹೇಬ್ರೆ," ಎಂದ ಮಾಬ್ಲ. "ಅದ್ರಲ್ಲೂ ಚಳಿಗಾಲದಲ್ಲಿ."

"ನೀರು ಬೀಳ್ತದೆ, ನೀ ತೆಗಿ. ಅಷ್ಟೇ ಅಲ್ವನೋ?"

ಅಷ್ಟೇ ಆಗಿರಲಿಲ್ಲ. ಮೊದಲನೆಯ ಸಲ ಮಾಬ್ಲ ಲಾಂಚಿನಲ್ಲಿ ಹೋಗಿ ನಡುಮಧ್ಯಾಹ್ನ ಅಬ್ಬಿಯ ಮುಂದೆ ನಿಂತ. ಬಿಸಿಲು ನೊರೆಗೆ ಹೊಡೆಯುತ್ತಿತ್ತು, ಎಲೆಗಳ ಸಂದಿಯಿಂದ ಬಂಡೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ಅಭ್ಯಾಸಬಲದಿಂದ "ಅಲ್ಲಾಡಬ್ಯಾಡಿ!" ಎಂದು ಅಬ್ಬಿಗೇ ಗದರಿಸಿ ಪಟ ತೆಗೆದ. ತೊಳೆದು ನೋಡಿದರೆ ನೀರಿದ್ದಲ್ಲಿ ಬರೀ ಸುಣ್ಣ, ಬಂಡೆಯಿದ್ದಲ್ಲಿ ಬರೀ ಮಸಿ. ಮೀನು ಮಾರುವ ಕಮಲಿ ಬುಟ್ಟಿ ಇಳಿಸಿ ನೋಡಿ, "ಯಾರ ಮನೆ ಗೋಡೆ ಮಾಬ್ಲಣ್ಣಾ? ಅರ್ಧ ಸಾರ್ಸೂದು ಬಾಕಿ ಅದೆ," ಎಂದಳು. ಎರಡನೆಯ ಸಲ ಅವನು ಬೆಳಗಿನ ಜಾವಕ್ಕೇ ಹೋದ. ಆಗ ಕಣಿವೆಯ ತುಂಬ ಮಂಜು. ಎಲ್ಲೋ ಒಳಗೆ ನೀರು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿತ್ತು. ಮಾಬ್ಲ ಆ ದನಿಯ ಕಡೆ ಮುಖಮಾಡಿ ಮೈಮರೆತು ನಿಂತ. ಜೇಬಿನ ಗಡಿಯಾರ ಜಾರಿ ಹೊಳೆಗೆ ಬಿದ್ದದ್ದೂ ತಿಳಿಯಲಿಲ್ಲ. ಆ ಪಟ ಅಂಚಿನಿಂದ ಅಂಚಿಗೆ ಬೆಳ್ಳಗೆ ಬಂತು. ಲಿಂಗಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಾಗದ ಚೊಲೋ ಅದೆ," ಎಂದ.

ಉದ್ಘಾಟನೆಯ ದಿನ ಹತ್ತಿರ ಬಂತು. ಮಾಬ್ಲ ಊಟ ಬಿಟ್ಟು ಯೋಚಿಸಿ ಒಂದು ಸತ್ಯ ಕಂಡುಕೊಂಡ. ಬಿಸಿಲೂ ಬೇಡ, ಮಂಜೂ ಬೇಡ. ಚಳಿಗಾಲದಲ್ಲಿ ಸೂರ್ಯ ಬೇಗ ಗುಡ್ಡದ ಹಿಂದೆ ಇಳಿಯುತ್ತಾನೆ. ಆಮೇಲೆ ಸ್ವಲ್ಪ ಹೊತ್ತು ಕಣಿವೆಗೆಲ್ಲ ಒಂದೇ ಸಮನಾದ ತಣ್ಣನೆಯ ಬೆಳಕು ಇರುತ್ತದೆ. ಆಗ ಕ್ಯಾಮೆರಾದ ಕಂಡಿಯನ್ನು ಸಣ್ಣದು ಮಾಡಿ, ಮುಚ್ಚಳ ತೆಗೆದು ತುಂಬ ಹೊತ್ತು ಬಿಡಬೇಕು. ನೀರು ಹರಿದು ಹರಿದು ಹಾಲಾಗುತ್ತದೆ. ಆದರೆ ಎಷ್ಟು ಹೊತ್ತು ಎಂದು ನೋಡಲು ಗಡಿಯಾರವಿಲ್ಲ. ಮಾಬ್ಲ ತಾನೇ ಎಣಿಸಿದರೆ ಚಳಿಗೆ ಹಲ್ಲು ಕಟಕಟ ಎಂದು ಲೆಕ್ಕ ಓಡುತ್ತದೆ.

"ಕತ್ತಲೆ ಕೋಣೆಲಿ ಪಟ ತೊಳೂವಾಗ ಯಾರ ಲೆಕ್ಕ?" ಎಂದಳು ಗಂಗಾ.

ಅದು ಅವಳದೇ ಲೆಕ್ಕ. ಅಡಿಗೆಮನೆಯಲ್ಲಿ ಅವಳು ನಟ್ಟಿಯ ಹಾಡು ಹೇಳುತ್ತಿದ್ದಳು, ಗೋಡೆಯ ಈಚೆ ಮಾಬ್ಲ ಹಾಡಿನ ಸುತ್ತು ಮುಗಿದೊಡನೆ ಪಟವನ್ನು ಔಷಧದಿಂದ ಮೇಲಕ್ಕೆತ್ತುತ್ತಿದ್ದ. ಗದ್ದೆಯಲ್ಲಿ ಸಾಲಾಗಿ ಸಸಿ ನೆಡುತ್ತ ಕಲಿತ ಹಾಡಾದ್ದರಿಂದ ಮಳೆಯಿರಲಿ ಚಳಿಯಿರಲಿ ಅದರ ಓಟ ಬದಲಾಗುತ್ತಿರಲಿಲ್ಲ. ಇದು ಅಂಗಡಿಯ ವೃತ್ತಿರಹಸ್ಯ. ಮಾಬ್ಲ ಯಾರಿಗೂ ಹೇಳಿರಲಿಲ್ಲ, ಗಂಗಾಳಿಗೂ ಹೇಳಿರಲಿಲ್ಲ. ಅವಳಿಗೆ ಹೇಗೋ ಗೊತ್ತಿತ್ತು.

"ನಾ ಬತ್ತೆ. ಆದ್ರೆ ಅಬ್ಬಿ ಮುಗಿದದ್ದೇ ನನ್ನ ಪಟ ತೆಗೀಬೇಕು. ಅಲ್ಲೇ," ಎಂದಳು.

"ಆತು. ಅಬ್ಬಿ ಮುಗಿದ ಮೇಲೆ ನಿಂದೇ," ಎಂದು ಮಾಬ್ಲ ಆಣೆ ಮಾಡಿದ.

ಗಂಗಾ ಭಟ್ಕಳದ ಪೇಟೆಯಿಂದ ತಂದ ಅಗಲ ಅಂಚಿನ ಬಿಳಿಸೀರೆ ಉಟ್ಟು, ಅಬ್ಬಲಿಗೆ ಮುಡಿದು ಲಾಂಚು ಹತ್ತಿದಳು. ಅವರು ಹಾಲಬ್ಬಿ ಮುಟ್ಟಿದಾಗ ಸೂರ್ಯ ಆಗಷ್ಟೇ ಗುಡ್ಡದ ಹಿಂದಕ್ಕೆ ಸರಿದಿದ್ದ. ಬಂಡೆ, ಜರಿಗಿಡ, ನೀರು, ಎಲ್ಲವೂ ಯಾರೋ ಮೆಲ್ಲಗೆ ಉಸಿರು ಬಿಟ್ಟಂಥ ಬೆಳಕಿನಲ್ಲಿ ನಿಂತಿದ್ದವು. ಹೀಗೊಂದು ಜಾಗ ತನ್ನ ಹೊನ್ನಾವರಕ್ಕೆ ಇಷ್ಟು ಹತ್ತಿರದಲ್ಲಿದೆಯೆಂದು ಮಾಬ್ಲನಿಗೆ ನಂಬಲಾಗಲಿಲ್ಲ. ಕ್ಯಾಮೆರಾ ಹೂಡಿ, ತುಂತುರಿಗೆ ಕೊಡೆ ಬಿಚ್ಚಿ ಹಿಡಿದು, "ಹೇಳು, ಗಂಗಾ," ಎಂದ. ಮುಚ್ಚಳ ತೆಗೆದ. ಗುರುವಾಕ್ಯದಂತೆ ಕಣ್ಣು ಮುಚ್ಚಿದ.

"ಬೆಳ್ಳಕ್ಕಿ ಬೆಳ್ಳಕ್ಕಿ ಎತ್ತ ಹೋದ್ಯೇ, ನಟ್ಟಿಯ ಗದ್ದೆ ದಾಟಿ ಅತ್ತ ಹೋದ್ಯೇ..."

ಹಾಡು ನೀರಿನ ದನಿಯೊಳಗೆ ಹೋಗಿ ಹೊರಗೆ ಬಂತು. ಒಮ್ಮೆ ಹತ್ತಿರ ಕೇಳಿತು, ಒಮ್ಮೆ ದೂರದಿಂದ, ಅಬ್ಬಿಯ ಬುಡದಿಂದಲೇ ಕೇಳಿದಂತಾಯಿತು. ಬೆಳಕನ್ನು ಕೇಳುವುದೆಂದರೆ ಇದೇ ಎಂದುಕೊಂಡು ಮಾಬ್ಲ ತೂಗುತ್ತ ನಿಂತ. ಹಾಡು ಮುಗಿಯುವ ಹೊತ್ತಿಗೆ ಯಾರೋ ಅವನ ಕೈಯಲ್ಲಿ ಮುಚ್ಚಳ ಇಟ್ಟರು. ಕಣ್ಣು ತೆರೆದು ತಟ್ಟನೆ ಕ್ಯಾಮೆರಾ ಮುಚ್ಚಿದ. ಮುಚ್ಚಳ ಏಕೆ ಒದ್ದೆಯಾಗಿದೆ, ಕೈಯಲ್ಲಿದ್ದದ್ದು ಅವಳ ಕೈಗೆ ಹೇಗೆ ಹೋಯಿತು, ಗಂಗಾಳ ಸೀರೆ ಮೊಣಕಾಲಿನವರೆಗೆ ಏಕೆ ನೆನೆದಿದೆ ಎಂದು ಬೇರೆ ಯಾರಾದರೂ ಕೇಳುತ್ತಿದ್ದರು. ಮಾಬ್ಲ ಕೇಳಲಿಲ್ಲ.

"ಹೂಂ, ಇನ್ನು ನಂದು," ಎಂದು ಗಂಗಾ ಬಂಡೆಯ ಮೇಲೆ ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡಳು.

ಮಾಬ್ಲ ಆಕಾಶ ನೋಡಿದ. "ಬೆಳಕು ಹೋತು, ಗಂಗಾ," ಎಂದ.

ಅವಳು ಬಂಡೆಯಿಂದ ಇಳಿದಳು. ಲಾಂಚಿನಲ್ಲಿ ಹೊನ್ನಾವರದವರೆಗೂ ನೀರನ್ನೇ ನೋಡುತ್ತ ಕುಳಿತಳು. ಆಣೆ ಮುರಿದ ಗಂಡನ ಜತೆ ಸಂತೆಗುಳಿಯ ಹೆಣ್ಣು ಮಾತಾಡದೆ ಇರುವುದು ಮಾತಾಡುವುದಕ್ಕಿಂತ ಕೆಟ್ಟದ್ದು.

ಮರುದಿನ ಕತ್ತಲೆ ಕೋಣೆಯ ಕೆಂಪು ದೀಪದಡಿ ಕಾಗದದ ಮೇಲೆ ಅಬ್ಬಿ ಮೆಲ್ಲಗೆ ಮೂಡಿತು. ನೀರು ಹಾಲೇ ಆಗಿತ್ತು. ಬಂಡೆಯ ಒಂದೊಂದು ಪದರವೂ ಕಾಣುತ್ತಿತ್ತು. ಮತ್ತೆ ನಡುವೆ, ನೀರಿನ ಬುಡದಲ್ಲಿ, ಒಬ್ಬ ಹೆಂಗಸು! ಮಂಜಿನಲ್ಲಿ ಮಾಡಿದಂಥ ಮೈ, ಮೈಯ ಹಿಂದಿನ ಬಂಡೆ ಮೈಯೊಳಗಿಂದಲೇ ಕಾಣುತ್ತಿದೆ. ಮುಖ ಕರಗಿಹೋಗಿದೆ. ಒಂದು ಕೈ ಸೊಂಟದ ಮೇಲೆ. ಮೇಲೆತ್ತಿದ ಇನ್ನೊಂದು ಕೈಯಲ್ಲಿ ದುಂಡಗಿನ ಕರೀ ವಸ್ತು.

ಮಾಬ್ಲ ಚೀರಿದ್ದಕ್ಕೆ ಕಮಲಿ ಓಡಿಬಂದಳು. ನೋಡಿದವಳೇ ಬುಟ್ಟಿ ಕೆಳಗಿಟ್ಟು ಕೈ ಮುಗಿದಳು. "ಅಬ್ಬಿ ಅಮ್ಮ!"

ಸಂಜೆಯೊಳಗೆ ಬಂದರು ರಸ್ತೆ ತುಂಬಿತು. ಗೇರುಸೊಪ್ಪೆ ಕಡೆಯ ಚೌಡ, ತನ್ನ ಅಜ್ಜ ಇದೇ ಅಮ್ಮನನ್ನು ಇದೇ ಬಂಡೆಯ ಮೇಲೆ ಕಂಡಿದ್ದನೆಂದು ಸಾರಿದ. ಮರುದಿನ ಎಲ್ಲರ ಅಜ್ಜಂದಿರೂ ಕಂಡಿದ್ದರು. ದೋಣಿಯ ವೆಂಕಟ ಪಟಕ್ಕೆ ಕೈ ಮುಗಿದು ಸಮುದ್ರಕ್ಕೆ ಹೋದವನು ಬಲೆ ಹರಿಯುವಷ್ಟು ಬಂಗಡೆ ತಂದ. ಆಮೇಲೆ ಕೇಳಬೇಕೇ! ಅಬ್ಬಲಿಗೆ, ಕಾಯಿ, ಕರ್ಪೂರ. ಹರಕೆ ಹೊತ್ತವರ ಸಾಲು ಲಿಂಗಪ್ಪನ ಅಂಗಡಿ ದಾಟಿತು. ತಮ್ಮನಿಗೆ ಹುಚ್ಚು ಎನ್ನುತ್ತಿದ್ದ ಲಿಂಗಪ್ಪ ಈಗ ಕರ್ಪೂರವನ್ನು ಮುಂದಿನ ಸಾಲಿಗೆ ತಂದಿಟ್ಟ.

ಅಮ್ಮನ ಕೈಯಲ್ಲಿರುವುದು ಏನು ಎಂಬುದು ದೊಡ್ಡ ಚರ್ಚೆಯಾಯಿತು. ಭಟ್ಟರು ಕಮಲದ ಮೊಗ್ಗು ಎಂದರು. ಕಮಲಿ ಅದು ಹೊಳೆಯ ಬಳಚಿನ ಚಿಪ್ಪು ಎಂದು ಹಟ ಹಿಡಿದಳು. ಲಿಂಗಪ್ಪನಿಗೆ ಬೆಲ್ಲದ ಉಂಡೆಯಾಗಿ ಕಂಡಿತು. ರೇಂಜರ್ ಸಾಹೇಬರು ಪರೀಕ್ಷಿಸಿ, "ಮರ ಕಡಿಯಬ್ಯಾಡ್ರಿ ಅಂತ ಎಚ್ಚರಿಕೆ ಕೊಡ್ತಾ ಇದ್ದಾಳೆ," ಎಂದರು. ಮರದ ಕಂತ್ರಾಟುದಾರನಿಗೆ ಮಾತ್ರ ಯಾವ ಮರ ಕಡಿಯಬೇಕೆಂದು ಅಮ್ಮ ತೋರಿಸುತ್ತಿರುವಂತೆ ಕಂಡಿತು. ಈ ಗದ್ದಲದ ನಡುವೆ ಭಟ್ಕಳದ ಜವಳಿ ಅಂಗಡಿಯ ಸಾಹೇಬರು ಬಂದು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ದೇವ್ರ ಮಾತು ನನಗೆ ಗೊತ್ತಿಲ್ಲ ಮಾಬ್ಲಣ್ಣ. ಆದ್ರೆ ಈ ಅಂಚು ನಮ್ಮ ಅಂಗಡಿದು," ಎಂದರು.

"ನಿಮ್ಮ ಅಂಗಡಿಯ ಪುಣ್ಯ ಸಾಹೇಬ್ರೆ!" ಎಂದು ಮಾಬ್ಲ ಅವರ ಕೈ ಹಿಡಿದುಕೊಂಡ.

ಸಾಹೇಬರಿಗೆ ಚಾ ತಂದ ಗಂಗಾ ಅದೇ ಸೀರೆಯಲ್ಲಿ ಅಲ್ಲೇ ನಿಂತಿದ್ದಳು. ಗಂಡನ ಮುಖ ನೋಡಿದಳು. ಅವನು ದೇವಿಗೆ ಆರತಿ ಎತ್ತುವುದರಲ್ಲಿದ್ದ. ಹೇಳಿಬಿಡಲು ಅವಳಿಗೆ ಒಂದು ಮಾತು ಸಾಕಿತ್ತು. ಆದರೆ ಕಟ್ಟಿಕೊಂಡವನೇ ಗುರುತು ಹಿಡಿಯದ ಮೇಲೆ ತಾನಾಗಿ ಹೇಳಿಕೊಳ್ಳುವುದು ಯಾವ ಮರ್ಯಾದೆ?

"ಅಮ್ಮನ ಮುಖ ನಿಮಗೆ ಎಲ್ಲಾದ್ರೂ ಕಂಡಂಗೆ ಆಗೂದಿಲ್ವಾ?" ಎಂದು ಒಮ್ಮೆ ಕೇಳಿ ನೋಡಿದಳು.

"ದೇವ್ರ ಮುಖ ನಮ್ಮಂಥವ್ರಿಗೆ ಎಲ್ಲಿಂದ ಕಾಣ್ತದೆ ಗಂಗಾ?" ಎಂದು ಅವನು ಭಕ್ತಿಯಿಂದ ಕಣ್ಣು ಮುಚ್ಚಿದ.

ಉದ್ಘಾಟನೆಯ ದಿನ ಬಂಗಲೆಯ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಹಾಲಬ್ಬಿ ತೂಗಿತು. ರಿಬ್ಬನ್ನು ಕತ್ತರಿಸಲು ಬಂದ ದೊಡ್ಡ ಸಾಹೇಬರು ಅಂಗಳದ ಜನ ನೋಡಿ, ತಮಗೆ ಇಷ್ಟೊಂದು ಅಭಿಮಾನಿಗಳಿರುವರೇ ಎಂದು ಹಿಗ್ಗಿದರು. ಜನ ಅವರನ್ನು ಪಕ್ಕಕ್ಕೆ ಸರಿಸಿಕೊಂಡು ಕಾಯಿ ಹಿಡಿದು ಒಳಗೆ ನುಗ್ಗಿದರು. ವಿಷಯ ತಿಳಿದ ಮೇಲೆ ಸಾಹೇಬರೂ ಬೂಟು ಬಿಚ್ಚಿ, ಪಟದ ಮುಂದೆ ನಿಂತು, ತುಟಿ ಅಲ್ಲಾಡಿಸಿ ಏನನ್ನೋ ಬೇಡಿಕೊಂಡರು. ಮಾಬ್ಲ ಶಲ್ಯ ಹೊದ್ದು ಕ್ಯಾಮೆರಾದ ಪಕ್ಕ ನಿಂತಿದ್ದ. ಹುಟ್ಟಿದಂದಿನಿಂದ ಅವನಿಗೆ ಇಷ್ಟು ಮಾನ ಸಿಕ್ಕಿದ್ದಿಲ್ಲ.

ಆಗ ಸಾಲಿನಲ್ಲಿ ಸಣ್ಣಮ್ಮ ಬಂದಳು. ಅಬ್ಬಿ ಅಮ್ಮನಿಗೆ ಕೈ ಮುಗಿದರೆ ಕಣ್ಣು ಉಳಿದೀತೆಂದು ಯಾರೋ ಹೇಳಿದ್ದರು. ಬಸ್ಸು ಹತ್ತಿ, ಲಾಂಚು ಹತ್ತಿ, ಕೋಲೂರುತ್ತ ಬಂದಿದ್ದಳು. ಕಣ್ಣು ಕಾಣದ ಮುದುಕಿಯೆಂದು ಜನ ದಾರಿ ಬಿಟ್ಟರು. ಅವಳು ಪಟಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದಳು. ಮತ್ತೆ ಹಿಂದೆ ಬಂದಳು. ತಲೆ ಓರೆ ಮಾಡಿದಳು.

"ಇದು ನಮ್ಮ ಗಂಗಿ ಅಲ್ವನ್ರಾ?" ಎಂದಳು.

ಸಾಲಿನಲ್ಲಿದ್ದವರೆಲ್ಲ ಕಾಯಿ ಹಿಡಿದ ಕೈ ಇಳಿಸಿ ಅವಳ ಕಡೆ ತಿರುಗಿದರು.

"ಅಜ್ಜೀ, ಅದು ದೇವ್ರು," ಎಂದು ರೇಂಜರ್ ಸಾಹೇಬರು ಮೆಲ್ಲಗೆ ಹೇಳಿದರು.

"ದೇವ್ರು ಸೊಂಟಕ್ಕೆ ಕೈ ಕೊಟ್ಟು ನಿಲ್ಲೂದನಾ? ಸಣ್ಣಕಿರೂವಾಗ ಗದ್ದೆಲಿ ಏಡಿ ಹಿಡ್ದು ಹೀಂಗೇ ಎತ್ತಿ ತೋರಿಸ್ತಿತ್ತು ನಂಗೆ. ನಿಂತ ನಿಲುವು ಗೊತ್ತಾಗೂದಿಲ್ವಾ ಹೆತ್ತವಳಿಗೆ?"

ಮಾಬ್ಲ ಪಟ ನೋಡಿದ. ಪಕ್ಕದಲ್ಲಿದ್ದ ಗಂಗಾಳನ್ನು ನೋಡಿದ. ಸೊಂಟದ ಮೇಲೆ ಅವಳ ಕೈ ನೋಡಿದ. ಮತ್ತೆ ಪಟ ನೋಡಿದ. ಅವನ ಬಾಯಿ ತೆರೆಯಿತು.

"ಗಂಗಾ... ಅದು ನಮ್ಮ ಕ್ಯಾಮೆರಾದ ಮುಚ್ಚಳ ಅಲ್ವಾ?"

"ಅಂತೂ ಮುಚ್ಚಳದ ಗುರುತಾದ್ರೂ ಸಿಕ್ತು," ಎಂದಳು ಗಂಗಾ. "ಕಣ್ಣು ಮುಚ್ಕಂಡು ತೂಗ್ತಿದ್ರಿ. ಮುಚ್ಚಳ ಕೈಯಿಂದ ಜಾರಿ ನೀರಿಗೆ ಬಿದ್ದು, ಸುಳಿಗೆ ಸಿಕ್ಕಿ ಅಬ್ಬಿ ಬುಡಕ್ಕೆ ಹೋತು. ಹಾಡು ನಿಲ್ಸಿದ್ರೆ ನಿಮ್ಮ ಲೆಕ್ಕ ತಪ್ತದೆ. ಹಾಡ್ತೇ ಹೋಗಿ, ಸಿಕ್ತು ನೋಡಿ ಅಂತ ಎತ್ತಿ ತೋರಿಸ್ದೆ. ನೀವು ಬೆಳಕು ಕೇಳ್ತೇ ಇದ್ರಿ."

ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ಊರೆಲ್ಲ ತನಗೆ ಕಾಯಿ ಒಡೆಯುತ್ತಿದ್ದಾಗಲೂ ಅವಳು ಬಯಸಿದ್ದು ಒಂದೇ, ಇವನೊಬ್ಬ ಗುರುತು ಹಿಡಿಯಲಿ ಎಂದು. ಮಾಬ್ಲನಿಗೆ ಅದು ಈಗ ತಿಳಿಯಿತು. ಅವನು ತಲೆ ತಗ್ಗಿಸಿ ನಿಂತ. ಅಷ್ಟು ನಾಚಿಕೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಆದರೆ ಜನರಿಗೆ ನಾಚಲು ಪುರಸೊತ್ತಿರಲಿಲ್ಲ. ರೇಂಜರ್ ಸಾಹೇಬರು ಬೆವರು ಒರೆಸಿಕೊಂಡರು. ವೆಂಕಟ ಕೈಯಲ್ಲಿದ್ದ ಕಾಯಿ ನೋಡಿಕೊಂಡು ಗಟ್ಟಿಯಾಗಿ ಕೇಳಿದ: "ಹಂಗಾದ್ರೆ ನನ್ನ ಬಂಗಡೆ?"

"ಬಂಗಡೆ ಬಂದದ್ದು ಸುಳ್ಳನಾ?" ಎಂದಳು ಕಮಲಿ. "ಹೊತ್ತ ಹರಕೆ ಹೊತ್ತದ್ದೇ. ಅದ್ನ ಒಪ್ಪಿಸ್ದೆ ಮನೆಗೆ ತಕಂಡು ಹೋಗೂಕೆ ಬರೂದಿಲ್ಲ. ಪಟದಲ್ಲಿ ಇದ್ದವಳು ಇಲ್ಲೇ ನಿಂತಾಳೆ. ಕೈಗೇ ಕೊಟ್ರೆ ಆತು!"

ಈ ತೀರ್ಪಿಗೆ ಭಟ್ಟರೂ ಎದುರು ಹೇಳಲಿಲ್ಲ. ಸಾಲು ಗೋಡೆಯನ್ನು ಬಿಟ್ಟು ಗಂಗಾಳ ಕಡೆ ತಿರುಗಿತು. "ಬ್ಯಾಡ್ರಾ, ನಾ ಬರೀ ಗಂಗಾ!" ಎಂದು ಅವಳು ಅಂಗಳಕ್ಕೆ ಓಡಿದರೆ ಸಾಲೂ ಅಂಗಳಕ್ಕೆ ಓಡಿತು. ಮಡಿಲ ತುಂಬ ಕಾಯಿ, ಕೊರಳ ತುಂಬ ಅಬ್ಬಲಿಗೆ. ಕೊನೆಗೆ ದೊಡ್ಡ ಸಾಹೇಬರು ಬರಿಗಾಲಿನಲ್ಲಿ ಬಂದು ಸಂಕೋಚದಿಂದ ಒಂದು ಕಾಯಿ ಕೊಟ್ಟರು. ಅವರೂ ಬೇಡಿಕೊಂಡಾಗಿತ್ತಲ್ಲ.

ಕಾಯಿಗಳ ನಡುವಿನಿಂದ ಗಂಗಾ ಗಂಡನನ್ನು ನೋಡಿದಳು. "ಇನ್ನಾದ್ರೂ ಬೆಳಕು ಸಮಾ ಆತಾ?" ಎಂದಳು.

ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ. ಅಂಗಳದ ಮೇಲೆ ಹಾಲಬ್ಬಿಯ ಅದೇ ತಣ್ಣನೆಯ ಬೆಳಕು ಇಳಿಯುತ್ತಿತ್ತು. ಮಾಬ್ಲ ಮೊದಲ ಬಾರಿಗೆ ಆಕಾಶ ನೋಡದೆ ಹೆಂಡತಿಯ ಮುಖ ನೋಡಿದ.

"ಆತು," ಎಂದ.

ಕ್ಯಾಮೆರಾವನ್ನು ಎಳೆದು ತಂದು ಹೂಡಿದ. ಮುಚ್ಚಳ ಭದ್ರವಾಗಿ ಹಿಡಿದು ತೆಗೆದ. ಕಣ್ಣು ಅಗಲವಾಗಿ ಬಿಟ್ಟುಕೊಂಡ. "ಅಲ್ಲಾಡಬ್ಯಾಡಿ!" ಎಂದು ಗುಡುಗಿದ ಅಬ್ಬರಕ್ಕೆ ಅಂಗಳಕ್ಕೆ ಅಂಗಳವೇ ಕಲ್ಲಾಯಿತು. ಆದರೆ ಲೆಕ್ಕ? ಲೆಕ್ಕ ಹಾಡುವವಳು ಇವತ್ತು ಕ್ಯಾಮೆರಾದ ಆಚೆ ನಿಂತಿದ್ದಳು. ಬೇರೆ ದಾರಿಯಿರಲಿಲ್ಲ. ಮಾಬ್ಲ ಗಂಟಲು ಸರಿಮಾಡಿಕೊಂಡು ತಾನೇ ಶುರುಮಾಡಿದ.

"ಬೆಳ್ಳಕ್ಕೀ... ಬೆಳ್ಳಕ್ಕೀ... ಎತ್ತ ಹೋದ್ಯೇ..."

ಗಂಗಾ ತುಟಿ ಕಚ್ಚಿ ಹಿಡಿದಳು. ಎರಡನೆಯ ಸಾಲಿಗೆ ಅವನ ದನಿ ಕೆಟ್ಟುಹೋದ ಲಾಂಚಿನಂತೆ ಕೆಮ್ಮಿ ನಿಂತು ಮತ್ತೆ ಹೊರಟಿತು. ಮಡಿಲ ಕಾಯಿಗಳು ಕುಣಿಯತೊಡಗಿದವು.

ಆ ಪಟ ಸಂತೆಗುಳಿಯ ಮನೆಯ ಗೋಡೆಗೆ ಹೋಯಿತು. ಕಮಲಿ, ವೆಂಕಟ, ಭಟ್ಟರು, ಬರಿಗಾಲಿನ ದೊಡ್ಡ ಸಾಹೇಬರು, ಎಲ್ಲರೂ ಅದರಲ್ಲಿ ಕಣ್ಣು ಬಿಟ್ಟುಕೊಂಡು ಕಂಬದ ಹಾಗೆ ನಿಂತಿದ್ದಾರೆ. ಎಲ್ಲರ ನಡುವೆ ಗಂಗಾ ಮಾತ್ರ ಹಾಲಿನ ಹಾಗೆ ಕದಡಿಹೋಗಿದ್ದಾಳೆ. ಅದನ್ನು ಕೊಡುವಾಗ ಮಾಬ್ಲ ಅತ್ತೆಯ ಮುಂದೆ ಕೈ ಹಿಸುಕಿಕೊಂಡು ನಿಂತ.

"ತಪ್ಪಾಯ್ತು. ಈ ಸಲನೂ ಅಲ್ಲಾಡಿಬಿಟ್ಟದೆ. ಇನ್ನೊಂದು ತೆಗೆದು ಕೊಡ್ತೆ," ಎಂದ.

ಸಣ್ಣಮ್ಮ ಪಟವನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ದೂರ ಹಿಡಿದಳು. ಬೆರಳಿನಿಂದ ಆ ಬಿಳಿಯ ಮಸುಕನ್ನು ಮೆಲ್ಲಗೆ ಸವರಿದಳು.

"ಬ್ಯಾಡಾ," ಎಂದಳು. "ನಂಗೆ ಈಗ ಎಲ್ಲರೂ ಹೀಂಗೇ ಕಾಣೂದು. ಇದ್ರಲ್ಲಿ ನನ್ನ ಮಗಳು ನಗೂದಾದ್ರೂ ಕಾಣ್ತದೆ."